ಸನ್ನೆ ಕೋವಿ

ಚುನಾವಣೆ ಬಂತೆಂದರೆ ಸುತ್ತಲಿನ ಕೋವಿಗಳೆಲ್ಲ
ಕಾರವಾರದ ನಮ್ಮ ಉಗ್ರಾಣಕ್ಕೆ ಬರುತ್ತವೆ,
ಗೋಣಿಯಲ್ಲಿ, ಹಳೆ ಲುಂಗಿಯಲ್ಲಿ,
ಒಂದು ಸಲ ಕೂಸಿನ ದುಪಟಿಯಲ್ಲಿ ಸುತ್ತಿಕೊಂಡು.
ಕೊರಳಿಗೆ ರಟ್ಟಿನ ಚೀಟಿ ಕಟ್ಟಿ ಗೋಡೆಗೆ ಒರಗಿಸುವುದು
ಇಪ್ಪತ್ತಾರು ವರ್ಷದಿಂದ ನನ್ನ ಕೆಲಸ.

ಹೆಚ್ಚಿನವು ಹಂದಿ ಬೆದರಿಸುವ ಒಂಟಿ ನಳಿಗೆಯವು.
ಎಂದಾದರೊಮ್ಮೆ ನಡುವೆ ಇಂಥದೊಂದು:
ಕುದುರೆಯ ಕೆಳಗೆ ಕಬ್ಬಿಣದ ಕುಣಿಕೆ,
ಬೆರಳು ತೂರಿಸಿ ಕೆಳಗೆಳೆದು ಮೇಲೊತ್ತಿದರೆ
ಖಾಲಿ ತೋಟೆ ಹಾರಿ, ಹೊಸದು ಬಾಯಿಗೆ.
ನನಗಿಂತ ಮೊದಲಿದ್ದ ದುರ್ಗಪ್ಪ ಮೇಸ್ತ
ಲಿವರ್ ಅಂದರೆ ಕುಡಿದು ಕೆಡುವಂಥದ್ದೆಂದು ತಿಳಿದು
ರಿಜಿಸ್ಟರಿನಲ್ಲಿ ಬರೆದ: ಸನ್ನೆ ಕೋವಿ.
ಆ ಪದಕ್ಕೇ ಮರುಳಾದೆ ನಾನು.

ಸರಕಾರಕ್ಕೆ ಬೇಕಾದ್ದು ನಂಬರು, ಹೆಸರು, ಸಹಿ.
ನನ್ನದು ಬೇರೆ, ಇನ್ನೂರು ಪುಟದ ಶಾಲೆಯ ವಹಿ.
ನಳಿಗೆ ದುಂಡಗೋ, ಎಂಟು ಮೂಲೆಯೋ,
ಅರ್ಧ ಮೂಲೆ ಅರ್ಧ ದುಂಡಗಾದ ಅಪರೂಪವೋ,
ಜೀನಿಗೆ ತೂಗುವ ಬಳೆ ಇದೆಯೋ, ಕಿತ್ತ ತೂತು ಮಾತ್ರವೋ,
ನಂಬರಿನ ಇಂಗ್ಲಿಷ್ ನಾಲ್ಕಕ್ಕೆ
ನೆತ್ತಿ ತೆರೆದಿದೆಯೋ ಮುಚ್ಚಿದೆಯೋ.
ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿ
ಅಚ್ಚು ತೆಗೆದುಕೊಂಡೆ.
ಉಪ್ಪು ಗಾಳಿಗೆ ಮುಂಚೆ ನಾನು ಓದಬೇಕಿತ್ತು.

ರಜೆ ಹಾಕಿ ಹಳಿಯಾಳ, ಹೊನ್ನಾವರ, ಸಿದ್ದಾಪುರದ ಠಾಣೆಗಳಿಗೆ ಹೋದೆ,
ಹೆಣ್ಣು ನೋಡಲು ಹೊರಟವನಂತೆ ತಲೆ ಬಾಚಿಕೊಂಡು.
ಕಂಡದ್ದು ಒಟ್ಟು ಹನ್ನೊಂದು.
ಒಂದನ್ನೂ ಹಾರಿಸಲಿಲ್ಲ.
ಅವಕ್ಕೆ ಹೊಂದುವ ತೋಟೆ
ನಾನು ಹುಟ್ಟುವ ಮೊದಲೇ ಅಂಗಡಿಯಿಂದ ಮಾಯವಾಗಿತ್ತು.

ಹನ್ನೊಂದನೆಯದು ಹಣಕೋಣದ ವಿಠೋಬಾ ತಳೇಕರನದು.
ಕುಣಿಕೆಯಲ್ಲಿ ಮೂರು ಬೆರಳು ಹಿಡಿಸಬೇಕು, ಎಲ್ಲದರಲ್ಲೂ ಅಷ್ಟೇ.
ಇದರಲ್ಲಿ ಮೂರು ಹೋಗಿ
ಮತ್ತೊಂದು ಬೆರಳಿನಷ್ಟು ಖಾಲಿ ಉಳಿಯಿತು.
ಎರಡು ಸಲ ಅಳೆದೆ. ಕೈ ಬೆವರಿತು.
ಯಾವ ಪಟ್ಟಿಯಲ್ಲೂ ಇಲ್ಲದ ಮಾದರಿ!
ಪುಣೆಯಿಂದ ಬಂದ ಸಂಗ್ರಾಹಕ ಕನ್ನಡಕ ಮೇಲೇರಿಸಿ
ಕರಿ ಕಬ್ಬಿಣದೊಳಗೆ ಕೂದಲೆಳೆಯಷ್ಟು ಹಳದಿ ಗೆರೆ ತೋರಿಸಿದ:
'ಯಾರೋ ಕತ್ತರಿಸಿ, ಹಿತ್ತಾಳೆಯಲ್ಲಿ ಬೆಸೆದು ಹಿಗ್ಗಿಸಿದ್ದಾರೆ.
ಕೆಡಿಸಿದ ಮಾಲು.'
ಚಹಾ ಸಹ ಪೂರ್ತಿ ಕುಡಿಯದೆ ಎದ್ದ.

ವಹಿಯಲ್ಲಿ ಆ ಪುಟಕ್ಕೆ ಅಡ್ಡಗೆರೆ ಎಳೆದೆ.

ಕಳೆದ ಮಾಘದಲ್ಲಿ ಅವನ ಮೊಮ್ಮಗಳು ಬಂದಳು,
ಸುಲಕ್ಷಾ, ಬಸ್ಸಿನ ಕಂಡಕ್ಟರು, ನನ್ನಂತೆಯೇ ಖಾಕಿ.
'ಅಜ್ಜ ಹೋದ. ನಮಗೆ ಲೈಸೆನ್ಸು ಬೇಡ. ಇಟ್ಟುಕೊಳ್ಳಿ.'
ಅರ್ಜಿಗೆ ಸಹಿ ಹಾಕಲು ಬಲಗೈ ಮೇಜಿನ ಮೇಲಿಟ್ಟಳು.
ಕಿರುಬೆರಳ ಬುಡದಲ್ಲಿ, ಹೊರಗಡೆ,
ಅಂಗಿಯ ಗುಂಡಿಯಷ್ಟು ಮಾಸಿದ ಗುರುತು.
ನಾನು ನೋಡಿದ್ದನ್ನು ಅವಳು ನೋಡಿದಳು.
'ಹುಟ್ಟುವಾಗ ಇತ್ತಂತೆ. ದಾರ ಬಿಗಿದು ಉದುರಿಸಿದರು.
ಅಜ್ಜನದು ಹಾಗೇ ಇತ್ತು.'

ಕೋವಿ ತಂದು ಕೊಟ್ಟೆ. ಯಾಕೆಂದು ಅವಳು ಕೇಳಲಿಲ್ಲ.
ಕುಣಿಕೆಗೆ ಕೈ ಹಾಕಿದಳು.
ಖಾಲಿ ಜಾಗ, ಸರಿಯಾಗಿ ಆ ಗುರುತಿನ ಪಕ್ಕದಲ್ಲೇ.
ಕಡಲ ಕಡೆಯ ಕಿಟಕಿ ಬಡಿದುಕೊಂಡಿತು, ಎದ್ದು ಹಾಕಲಿಲ್ಲ.
ಯಾವ ಆಚಾರಿಯೋ, ಯಾವ ಒಡೆದ ದೋಣಿಯ ಹಿತ್ತಾಳೆಯೋ,
ಒಂದು ಕೈಯನ್ನು ಮಾತ್ರ ಎದುರಿಗಿಟ್ಟುಕೊಂಡು ಕಾಸಿದ್ದ.

ಆಷಾಢಕ್ಕೆ ಆದೇಶ ಬಂತು: ತುಂಡರಿಸಿ.
ಗ್ಯಾಸ್ ಕಟರಿನ ಹುಡುಗನಿಗೆ ಹತ್ತು ನಿಮಿಷ ಸಾಕಾಯಿತು.
ಆ ಹಳದಿ ಗೆರೆ ಎಲ್ಲಕ್ಕಿಂತ ಮೊದಲು ಕರಗಿತು.

ರಾತ್ರಿ ಅಡ್ಡಗೆರೆಯ ಪಕ್ಕ ಬರೆದೆ:
ಹಣಕೋಣ ಮಾದರಿ. ಒಂದೇ. ಈಗ ಇಲ್ಲ.
ಆಮೇಲೆ ಹಿಂದಿನ ಹತ್ತನ್ನು ತಿರುವಿದೆ.
ಬಳೆ ಇದೆ, ಮೂಲೆ ಇದೆ, ನಾಲ್ಕರ ನೆತ್ತಿ ಇದೆ,
ಹಿಡಿದವರ ಕೈಯ ಬಗ್ಗೆ ಒಂದಕ್ಷರ ಇಲ್ಲ.

ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು.
ನಾಳೆ ಹಳಿಯಾಳದ ಮೊದಲ ಬಸ್ಸು ಹಿಡಿಯುತ್ತೇನೆ.
ಬಾಗಿಲಲ್ಲಿ ನಿಂತು ಸೀಟಿ ಊದಿ
ಹೊರಡು ಎಂದು ಸನ್ನೆ ಮಾಡುವವಳು
ಅವಳೇ ಇದ್ದರೂ ಇರಬಹುದು.